ಸೊನ್ನೆಯನ್ನೇ ಒತ್ತಿದೆ

ಮಾರ್ಚ್ 3, ಸೋಮವಾರ

ಇವತ್ತಿನಿಂದ ಎಡಗೈ ಮಣಿಕಟ್ಟಿಗೆ ಒಂದು ಪಟ್ಟಿ. ನೋಡಲು ಗಡಿಯಾರದಂತಿದೆ, ಗಂಟೆ ಮಾತ್ರ ತೋರಿಸುವುದಿಲ್ಲ. ನನ್ನ ಎದೆಬಡಿತವನ್ನೂ ಬೆವರನ್ನೂ ಗುಟ್ಟಾಗಿ ಗುರುತು ಹಾಕಿಕೊಳ್ಳುತ್ತದಂತೆ. ಜೊತೆಗೆ ಯಾವ ಯಾವಾಗಲೋ ಫೋನು ಟಿಣ್ ಎನ್ನುತ್ತದೆ. 'ಈ ಕ್ಷಣ ನಿಮಗೆ ಎಷ್ಟು ಒತ್ತಡ ಅನ್ನಿಸುತ್ತಿದೆ?' ಎಂದು ಕೇಳುತ್ತದೆ. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಒತ್ತಬೇಕು. ಹೆಚ್ಚಿನ ಮಾತಿಗೆ ಅಲ್ಲಿ ಜಾಗವಿಲ್ಲ. ನನಗೋ ಮಾತು ಹೆಚ್ಚು. ಅದಕ್ಕೇ ಈ ಹಳೆಯ ಡೈರಿ ಹುಡುಕಿ ತೆಗೆದೆ.

ಪಟ್ಟಿ ಕಟ್ಟಿದವಳು ನನ್ನ ಶಿಷ್ಯೆ. ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು ಕೊನೆಗೂ ಪಾಸಾದವಳು. ಈಗ ವಿಶ್ವವಿದ್ಯಾಲಯದಲ್ಲಿ ಜನರ ದಿನನಿತ್ಯದ ಒತ್ತಡ ಅಳೆಯುವ ಸಂಶೋಧನೆ ಮಾಡುತ್ತಾಳೆ.

"ಟೀಚರ್, ನೀವು ಇಲ್ಲ ಅನ್ನಬಾರದು," ಅಂದಳು. "ಬೇರೆಯವರ ಕೈಲಿ ಸ್ಟಿಯರಿಂಗ್ ಕೊಟ್ಟು ಇಡೀ ದಿನ ಪಕ್ಕದಲ್ಲಿ ಕೂತಿರ್ತೀರಿ. ನಿಮ್ಮ ಅಂಕಿ ನೋಡೋಕೆ ನಮ್ಮ ಪ್ರೊಫೆಸರು ಕಾಯ್ತಿದ್ದಾರೆ."

"ಬರೀ ಸೊನ್ನೆ ನೋಡಿ ಬೇಜಾರು ಮಾಡ್ಕೋತಾರೆ ಪಾಪ," ಅಂದೆ.

ಇವತ್ತು ಹಾಗೆಯೇ ಆಯಿತು. ಬೆಳಿಗ್ಗೆ ವಕೀಲೆಯ ಪಾಠ. ಕೋರ್ಟಿನಲ್ಲಿ ಗುಡುಗುತ್ತಾಳಂತೆ, ಕ್ಲಚ್ಚಿನ ಮೇಲೆ ಕಾಲಿಟ್ಟರೆ ಮಾತ್ರ ತೊದಲು. ಸರ್ಕಲ್ಲಿನಲ್ಲಿ ಲಾರಿಯ ಮುಂದೆ ನಿಲ್ಲಿಸಿಬಿಟ್ಟಳು. ನನ್ನ ಕಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದೆಯಲ್ಲ, ದಾಟಿಸಿದೆ. ಬದಿಗೆ ನಿಂತ ಮೇಲೆ ಫೋನು ಟಿಣ್ ಎಂದಿತು. ಸೊನ್ನೆ. ಮಧ್ಯಾಹ್ನ ಮತ್ತೊಂದು ಟಿಣ್. ಸೊನ್ನೆ. ಸಂಜೆ ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದಾಗ ಇನ್ನೊಂದು. ಅಪ್ಪ ಎಂದಿನಂತೆ ತಮ್ಮ ನೀಲಿ ಕಾರು ತೆಗೆದುಕೊಂಡು ಲೈಬ್ರರಿಗೆ ಹೋಗಿದ್ದರು. ಮನೆಯಲ್ಲಿ ಸದ್ದಿಲ್ಲ, ಹಾಯಾಗಿತ್ತು. ಸೊನ್ನೆ.

ಮಾರ್ಚ್ 5, ಬುಧವಾರ

ಒಂದು ಅಂದರೆ ಏನು? ಹತ್ತು ಅಂದರೆ? ಯಾರೂ ಹೇಳಿಲ್ಲ. ಜ್ವರಕ್ಕಾದರೆ ಅಳತೆಯಿದೆ. ಟೈರಿಗೆ ಎಷ್ಟು ಗಾಳಿ ಬೇಕೆಂದು ಕಾರಿನ ಬಾಗಿಲ ಮೇಲೇ ಬರೆದಿರುತ್ತದೆ. ಇದಕ್ಕೆ?

ಊಟದ ಹೊತ್ತಿಗೆ ಇವರನ್ನು ಕೇಳಿದೆ. ನನ್ನ ಗಂಡನಿಗೆ ಕನ್ನಡಕದ ಅಂಗಡಿ, ಜನರ ಕಣ್ಣು ಪರೀಕ್ಷೆ ಮಾಡುವುದೇ ಕೆಲಸ.

"ಈ ಗಾಜು ಚೆನ್ನಾಗಿದೆಯಾ, ಆ ಗಾಜಾ ಅಂತ ಕೇಳಿದ್ರೇನೇ ಜನ ಬೆಬ್ಬೆಬ್ಬೆ ಅಂತಾರೆ," ಅಂದರು. "ತಮಗೆ ಏನು ಕಾಣಿಸ್ತಿದೆ ಅನ್ನೋದೇ ತಮಗೆ ಗೊತ್ತಾಗಲ್ಲ. ಒಳಗಿರೋದಕ್ಕೆ ನಂಬರು ಕೊಡು ಅಂದ್ರೆ ಕೊಡ್ತಾರಾ?"

"ನಿಮಗೀಗ ಎಷ್ಟು?"

"ಸಾರಿಗೆ ಉಪ್ಪು ಹಾಕಿಲ್ಲ ನೀನು. ನಾಲ್ಕು."

ಅಪ್ಪನನ್ನೂ ಕೇಳಿದೆ. ಎಂಬತ್ತರ ಹತ್ತಿರ ಬಂದಿದ್ದಾರೆ, ನಮ್ಮ ಜೊತೆ ಇರಲು ಬಂದು ಎರಡು ವರ್ಷವಾಯಿತು. ತಟ್ಟೆಯಿಂದ ತಲೆ ಎತ್ತದೆ, "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಹಸಿವು ಇತ್ತು, ನಿದ್ದೆ ಇತ್ತು. ಅಷ್ಟೇ," ಅಂದರು.

ಮಾರ್ಚ್ 12, ಬುಧವಾರ

ಸಂಶೋಧನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದಳು. ಪಟ್ಟಿ ಬರೆದುಕೊಂಡದ್ದನ್ನೆಲ್ಲ ಗೆರೆಯಾಗಿ ತೋರಿಸಿದಳು.

"ಇದು ನೀವು ಪಾಠ ಹೇಳೋ ಹೊತ್ತು, ಟೀಚರ್." ಗೆರೆ ಸಪಾಟು, ಕೆರೆಯ ನೀರಿನ ಹಾಗೆ. "ಇದು ಸಂಜೆ." ಅಲ್ಲೊಂದು ಗುಡ್ಡ. ಮಾರನೆಯ ದಿನವೂ ಅದೇ ಜಾಗದಲ್ಲಿ ಗುಡ್ಡ. ನಾಲ್ಕರ ಹೊತ್ತಿಗೆ ಏರುತ್ತದೆ, ಆರರ ಹೊತ್ತಿಗೆ ಇಳಿಯುತ್ತದೆ. "ಆಗ ಏನು ಮಾಡ್ತಿರ್ತೀರಿ? ವ್ಯಾಯಾಮನಾ?"

"ಕಿಟಕಿ ಹತ್ರ ಕೂತು ಚಹಾ ಕುಡೀತೀನಿ. ದಿನದಲ್ಲಿ ನಾನು ಹಾಯಾಗಿ ಕೂರೋದು ಅದೊಂದೇ ಹೊತ್ತು."

"ಕೂತಿರ್ತೀರಾ?" ಮತ್ತೆ ಮತ್ತೆ ನೋಡಿದಳು. "ನೀವು ಒತ್ತಿರೋದು ಸೊನ್ನೆ. ಎದೆ ನೋಡಿದ್ರೆ ಮೆಟ್ಟಿಲು ಹತ್ತಿ ಓಡ್ತಿದ್ದೀರಿ."

"ನಿನ್ನ ಪಟ್ಟಿ ಕೆಟ್ಟಿದೆ ಕಣೇ."

ಪಾಪ, ಬೇರೆ ಪಟ್ಟಿ ಕಟ್ಟಿ ಹೋದಳು. ನಾನು ಅರ್ಧ ಸೆಕೆಂಡಿನಲ್ಲಿ ಲಾರಿಯ ಕೆಳಗೆ ಹೋಗಬಹುದಾದ ಕೆಲಸದಲ್ಲಿ ಕೆರೆಯಂತೆ ಇರುತ್ತೇನೆ, ನನ್ನ ಮನೆಯ ನನ್ನ ಕುರ್ಚಿಯಲ್ಲಿ ಓಡುತ್ತೇನೆ! ಯಾರಾದರೂ ನಂಬುವ ಮಾತೇ?

ಮಾರ್ಚ್ 14, ಶುಕ್ರವಾರ

ಚಹಾ ಬಿಟ್ಟೆ. ತಲೆನೋವು ಬಂತು.

ಮಾರ್ಚ್ 15, ಶನಿವಾರ

ಹುಡುಗಿಗೆ ಫೋನು ಮಾಡಿದೆ. ಹೊಸ ಪಟ್ಟಿಯಲ್ಲೂ ಗುಡ್ಡವಂತೆ. ಹಾಗಾದರೆ ಪಟ್ಟಿಯೂ ಅಲ್ಲ, ಚಹಾವೂ ಅಲ್ಲ.

ಸಂಜೆ ಕೂತು ಯೋಚಿಸಿದೆ. ನಾಲ್ಕರಿಂದ ಆರರ ನಡುವೆ ಮನೆಯಲ್ಲಿ ಏನೇನಿರುತ್ತದೆ? ನಾನು, ಕುರ್ಚಿ, ಕಿಟಕಿ. ಅಪ್ಪ ಲೈಬ್ರರಿಯಲ್ಲಿ, ಅವರು ಇರುವುದೇ ಇಲ್ಲ. ಐದಕ್ಕೆ ಇವರು ಅಂಗಡಿಯಿಂದ ತಿಂಡಿಗೆ ಬರುತ್ತಾರೆ. ಬಂದವರು ಸಿಳ್ಳೆ ಹಾಕುತ್ತಾರೆ! ಮದುವೆಯಾದಾಗಿನಿಂದ ಅದೇ ಹಾಡು, ಅರ್ಧಕ್ಕೇ ನಿಲ್ಲಿಸಿ ಮತ್ತೆ ಮೊದಲಿನಿಂದ. ಇಷ್ಟು ವರ್ಷ ಸಹಿಸಿದ್ದು ಈಗ ಎದೆಗೆ ಇಳಿದಿರಬೇಕು.

ಹೇಳಿಯೇಬಿಟ್ಟೆ. "ನಿಮ್ಮ ಸಿಳ್ಳೆಯಿಂದ ನನ್ನ ಎದೆ ಬಡಿತ ಏರ್ತಿದೆ."

ನನ್ನ ಮುಖವನ್ನೇ ನೋಡಿದರು. ಏನೋ ಹೇಳಲು ಹೋದವರು ನಿಲ್ಲಿಸಿದರು. "ಸರಿ, ಹಾಕಲ್ಲ," ಅಂದು ತಟ್ಟೆ ಹಿಡಿದುಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಗೇಟಿನ ಸದ್ದು, ಅಪ್ಪನ ಕಾರು ಒಳಗೆ ಬಂತು. ನಾನು ಎದ್ದು ರಾತ್ರಿಯ ಅಡುಗೆಗೆ ಹೋದೆ. ಹಗುರವಾಯಿತು. ಹೇಳಿಬಿಟ್ಟರೆ ಒಳ್ಳೆಯದೇ.

ಮಾರ್ಚ್ 17, ಸೋಮವಾರ

ಏನೂ ಅರ್ಥವಾಗುತ್ತಿಲ್ಲ. ನಿನ್ನೆ ಭಾನುವಾರ. ಇವರು ಇಡೀ ದಿನ ಮನೆಯಲ್ಲೇ. ಮಾತು ಮರೆತು ಮಧ್ಯಾಹ್ನದಿಂದ ಸಿಳ್ಳೆಯೋ ಸಿಳ್ಳೆ. ಲೈಬ್ರರಿಗೆ ರಜೆ, ಅಪ್ಪ ಮೇಜಿನ ಮೇಲೆ ರೇಡಿಯೊ ಬಿಚ್ಚಿ ಹರಡಿಕೊಂಡು ಸ್ಕ್ರೂ ಹುಡುಕುತ್ತಿದ್ದರು, ನನ್ನನ್ನೂ ನೆಲದ ಮೇಲೆ ಹುಡುಕಿಸಿದರು. ಇಷ್ಟೆಲ್ಲ ಗದ್ದಲ. ಹುಡುಗಿ ಈಗ ಫೋನು ಮಾಡಿ ಹೇಳುತ್ತಾಳೆ, "ಟೀಚರ್, ಭಾನುವಾರ ಗುಡ್ಡನೇ ಇಲ್ಲ."

ಇವರ ಹತ್ತಿರ ಕ್ಷಮೆ ಕೇಳಬೇಕೇನೋ. ನಾಳೆ ನೋಡೋಣ.

ಮಾರ್ಚ್ 19, ಬುಧವಾರ

ಅಪ್ಪ ಇವತ್ತು ತಡವಾಗಿ ಬಂದರು. ಕಾರಿನ ಎಡಗಡೆಯ ಕನ್ನಡಿ ಮುರಿದು ನೇತಾಡುತ್ತಿತ್ತು. ಅಂಟುಪಟ್ಟಿ ಸುತ್ತಿದ್ದರು.

"ನಿಲ್ಲಿಸಿದ್ದಾಗ ಯಾರೋ ಗುದ್ದಿ ಹೋಗಿದ್ದಾರೆ. ಈಗಿನವರಿಗೆ ಜವಾಬ್ದಾರಿನೇ ಇಲ್ಲ," ಅಂದರು.

"ಹೌದಪ್ಪ, ಇಲ್ಲ," ಅಂದೆ.

ಕನ್ನಡಿಯ ಗೂಡಿನಲ್ಲಿ ಯಾವುದೋ ಗೋಡೆಯ ಸುಣ್ಣದ ಪುಡಿ ಇತ್ತು. ಒರೆಸಿದೆ. ನನ್ನ ಗಾಡಿ ನೋಡಿಕೊಳ್ಳುವ ಮೆಕ್ಯಾನಿಕ್ಕಿಗೆ ಹೇಳಿ ಹೊಸದು ಹಾಕಿಸಬೇಕು. ಅಣ್ಣನಿಗೆ ಹೇಳುವ ಅಗತ್ಯವಿಲ್ಲ, ಸುಮ್ಮನೆ ರಾಮಾಯಣ ಮಾಡುತ್ತಾನೆ. ಒರೆಸುತ್ತಿದ್ದಾಗಲೇ ಫೋನು ಟಿಣ್ ಎಂದಿತು. ಸೊನ್ನೆಯನ್ನೇ ಒತ್ತಿದೆ.

ಪಟ್ಟಿಯ ಕೆಳಗೆ ಚರ್ಮ ತುರಿಸುತ್ತಿದೆ.

ಮಾರ್ಚ್ 21, ಶುಕ್ರವಾರ

ವಕೀಲೆಯ ಪಾಠ. ಈಗ ಚೆನ್ನಾಗಿ ಓಡಿಸುತ್ತಾಳೆ, ಮಾತಾಡುವಷ್ಟು ಧೈರ್ಯ ಬಂದಿದೆ.

"ಟೀಚರ್, ಒಂದು ಪ್ರಶ್ನೆ. ನಮ್ಮ ಅತ್ತೆ ಇನ್ನೂ ಕಾರು ಓಡಿಸ್ತಾರೆ. ಯಾವ ವಯಸ್ಸಿಗೆ ನಿಲ್ಲಿಸಬೇಕು?"

"ವಯಸ್ಸು ನೋಡಬಾರದು," ಅಂದೆ. ಈ ಪಾಠ ನನಗೆ ಬಾಯಿಪಾಠ. "ಕೆಲವರು ಅರವತ್ತಕ್ಕೇ ಮಂಕಾಗಿರ್ತಾರೆ, ಕೆಲವರು ಎಂಬತ್ತಕ್ಕೂ ಚುರುಕಾಗಿರ್ತಾರೆ. ಗಾಡಿ ನೋಡಬೇಕು. ಗಾಡಿ ಸುಳ್ಳು ಹೇಳಲ್ಲ."

"ಗಾಡೀಲಿ ಏನು ನೋಡೋದು?"

"ಹೊಸ ಗೀರುಗಳು. ಒಂದು ಸಲ ಆದ್ರೆ ಸರಿ, ಯಾರಿಗಾದ್ರೂ ಆಗುತ್ತೆ. ಒಂದೇ ಕಡೆ ಮತ್ತೆ ಮತ್ತೆ ಬರ್ತಿದ್ರೆ, ಯಾರೋ ಗುದ್ದಿದ್ರು ಅಂತ ಅವರು ಹೇಳ್ತಿದ್ರೆ…"

"ಹೇಳ್ತಿದ್ರೆ?"

ನಾನು ನನ್ನ ಕಡೆಯ ಕನ್ನಡಿ ನೋಡಿದೆ.

"ಹೇಳ್ತಿದ್ರೆ ಏನು ಮಾಡಬೇಕು ಟೀಚರ್?" ವಕೀಲರ ಬುದ್ಧಿ, ಬಿಡುವುದಿಲ್ಲ. ತಿರುಗಬೇಕಾದ ರಸ್ತೆ ದಾಟಿಹೋಯಿತು, ನಾನು ಹೇಳಲೇ ಇಲ್ಲ. ಅವಳು ನೇರ ಓಡಿಸುತ್ತಲೇ ಇದ್ದಳು. ಹೋಗಿ ಹೋಗಿ ಗೊತ್ತಿಲ್ಲದ ಗೋದಾಮುಗಳ ನಡುವೆ ನಿಂತೆವು.

"ಟೀಚರ್, ನಾವು ಎಲ್ಲಿದ್ದೀವಿ?"

"ಗೊತ್ತಿಲ್ಲ ಕಣಮ್ಮ," ಅಂದೆ.

ಮಾರ್ಚ್ 22, ಶನಿವಾರ

ಕಳೆದ ವರ್ಷ ಎಡಗಡೆಯ ಬಂಪರು. ಅದಕ್ಕೆ ಮೊದಲು ಎಡಗಡೆಯ ಹಿಂಬಾಗಿಲಲ್ಲಿ ಉದ್ದ ಗೀರು. ಎರಡನ್ನೂ ನಾನೇ ರಿಪೇರಿ ಮಾಡಿಸಿದ್ದು.

ಇವರು ತಿಂಡಿಗೆ ಬಂದಾಗ ಕೇಳಿದೆ. "ಅಪ್ಪ ಹೊರಗೆ ಹೋದಾಗ ನಾನು ಏನು ಮಾಡ್ತಿರ್ತೀನಿ? ನಿಮಗೆ ಕಂಡಿದ್ದು ಹೇಳಿ."

"ಕಿಟಕಿ ಬಿಟ್ಟು ಕದಲಲ್ಲ. ಆಂಬುಲೆನ್ಸ್ ಸದ್ದು ಬಂದ್ರೆ ಚಹಾ ಲೋಟ ಕೆಳಗಿಡ್ತೀಯ. ಮಾತಾಡಿಸಿದ್ರೆ ಹ್ಞೂಂ ಅಂತೀಯ, ಕೇಳಿಸ್ಕೊಂಡಿರಲ್ಲ. ಗೇಟು ಸದ್ದಾದ ಕೂಡ್ಲೇ ಎದ್ದು ಒಳಗೆ ಹೋಗಿಬಿಡ್ತೀಯ."

"ಮತ್ತೆ ಆವತ್ತು ಸಿಳ್ಳೆ ಅಂದಾಗ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಒಪ್ಪಿಕೊಳ್ತಿದ್ಯಾ? ಸಿಳ್ಳೆ ಹಾಕದಿದ್ರೆ ನಂದೇನು ಗಂಟು ಹೋಗುತ್ತೆ ಅಂತ ಸುಮ್ಮನಾದೆ."

ಅವರ ಮೇಲೆ ಸಿಟ್ಟು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಬಂದವು.

"ಅಪ್ಪನ ಕಣ್ಣು ನೀವೇ ಪರೀಕ್ಷೆ ಮಾಡಿದ್ದು. ಚೆನ್ನಾಗಿದೆ ಅಂದಿದ್ರಿ."

"ಗೋಡೆ ಮೇಲಿನ ಅಕ್ಷರ ಕೊನೆ ಸಾಲಿನವರೆಗೂ ಓದಿದ್ರು. ಅದು ನೇರ ನೋಡೋದು. ಪಕ್ಕದ್ದು ನೋಡೋ ಯಂತ್ರ ನನ್ನ ಹತ್ರ ಇಲ್ಲ." ತಟ್ಟೆ ಕೆಳಗಿಟ್ಟು ಅಂದರು, "ಆಸ್ಪತ್ರೇಲಿ ತೋರಿಸಿ ಅಂತ ನಾನೇ ಹೇಳಬೇಕಿತ್ತು."

ಅಣ್ಣನಿಗೆ ಫೋನು ಮಾಡಿದೆ. "ನೀನೇ ಹೇಳಮ್ಮ," ಅಂದ. "ಕಂಡವರಿಗೆಲ್ಲ ಹೇಳೋದು ನಿನ್ನ ಕೆಲಸ ತಾನೇ? ನನ್ನ ಮಾತು ಅವರು ಯಾವತ್ತು ಕೇಳಿದ್ದಾರೆ?" ಅಂತ ಜಾರಿಕೊಂಡ.

ಹೌದು, ಕಂಡವರಿಗೆಲ್ಲ ಹೇಳುತ್ತೇನೆ. ನೀನು ಇನ್ನೂ ತಯಾರಿಲ್ಲ, ಇನ್ನೊಂದು ತಿಂಗಳು ಕಲಿ ಅನ್ನುತ್ತೇನೆ. ಇನ್ನು ಕಲಿಯುವುದಿಲ್ಲ ಎಂದು ಯಾರಿಗೂ ಹೇಳಿದ್ದಿಲ್ಲ.

ಮಾರ್ಚ್ 23, ಭಾನುವಾರ

ಹೇಳಿದೆ. ಕೆಟ್ಟದಾಗಿ ಹೇಳಿದೆ. ಕನ್ನಡಿಯಿಂದ ಶುರು ಮಾಡಿ, ಪೆಟ್ರೋಲು ದುಬಾರಿ ಅಂದು, ಬಸ್ಸಿನಲ್ಲಿ ಹಿರಿಯರಿಗೆ ಸೀಟು ಕೊಡುತ್ತಾರೆ ಅಂದು, ಎಲ್ಲೆಲ್ಲಿಗೋ ಹೋದೆ.

ಅಪ್ಪ ರೇಡಿಯೊದ ಸ್ಕ್ರೂ ಬಿಗಿಮಾಡುತ್ತಲೇ ಕೇಳಿದರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ನಿನಗೆ ಗೇರು ಹಾಕೋದು ಕಲಿಸಿದ್ದು ಯಾರು?"

"ನೀವೇ ಅಪ್ಪ."

"ಇಷ್ಟು ವರ್ಷದಲ್ಲಿ ಒಬ್ಬರ ಮೈ ಮುಟ್ಟಿದೀನಾ ನಾನು?"

"ಇಲ್ಲ."

"ಮತ್ತೆ?"

ನನ್ನ ಕೈಯ ಪಟ್ಟಿ ತೋರಿಸಿದೆ. "ನೀವು ಹೊರಗೆ ಹೋದಾಗ ಇದು ಏರುತ್ತಂತೆ. ನನಗೆ ಗೊತ್ತೇ ಆಗ್ತಿರಲಿಲ್ಲ."

ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಏರುತ್ತಾ," ಅಂದರು, ಯಾರನ್ನೂ ಕೇಳದ ಹಾಗೆ. ನನ್ನ ಕೈ ಬಿಟ್ಟು ಅಂದರು, "ನಾಳೆ ನಿನ್ನ ಪಾಠದ ಗಾಡೀಲಿ ಕರ್ಕೊಂಡು ಹೋಗು. ಮಗಳ ಥರ ಕೂರಬೇಡ, ಟೀಚರ್ ಥರ ಕೂತ್ಕೋ. ಫೇಲ್ ಆದ್ರೆ ಕೀ ನಿನ್ನ ಕೈಗೆ. ಪಾಸ್ ಆದ್ರೆ ಈ ಮಾತು ಮತ್ತೆ ಎತ್ತಕೂಡದು. ಒಪ್ಪಿಗೆನಾ?"

ಒಪ್ಪಿದೆ. ಪಾಸಾಗಲಿ ಅಂತ ಇದೆ. ಫೇಲಾಗಲಿ ಅಂತಲೂ ಇದೆ. ಟಿಣ್ ಎಂದಾಗ ಐದು ಒತ್ತಿದೆ, ನಡುವಿನದು.

ಮಾರ್ಚ್ 24, ಸೋಮವಾರ

ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು, ಪರೀಕ್ಷೆಗೆ ಹೋಗುವವರ ಹಾಗೆ. ಸೀಟು ಸರಿಮಾಡಿಕೊಂಡರು, ಕನ್ನಡಿಗಳನ್ನು ಒಂದೊಂದಾಗಿ ತಿರುಗಿಸಿಕೊಂಡರು, ಬೆಲ್ಟು ಹಾಕಿದರು, ನಾನು ಬೆಲ್ಟು ಹಾಕಿದೆನೋ ಎಂದು ನೋಡಿದರು. ನನ್ನ ಶಿಷ್ಯರಲ್ಲಿ ಅರ್ಧದಷ್ಟು ಜನ ಇದನ್ನು ಮರೆಯುತ್ತಾರೆ.

ಎಷ್ಟು ಚೆನ್ನಾಗಿ ಓಡಿಸಿದರು! ಗೇರು ಬದಲಾದದ್ದು ಗೊತ್ತಾಗುತ್ತಿರಲಿಲ್ಲ. ಸರ್ಕಲ್ಲಿನಲ್ಲಿ ಬಸ್ಸಿಗೆ ದಾರಿ ಬಿಟ್ಟರು. ಏರಿನಲ್ಲಿ ನಿಂತು ಹೊರಟಾಗ ಒಂದು ಗೇಣೂ ಹಿಂದೆ ಸರಿಯಲಿಲ್ಲ. ನಾನು ಯಾಕಾದರೂ ಬಾಯಿ ತೆರೆದೆನೋ ಎಂದು ನಾಚಿಕೆಯಾಗತೊಡಗಿತು. ನನ್ನ ಎದೆಯೇ ಸುಳ್ಳು, ಅಪ್ಪ ಅಲ್ಲ ಅನ್ನಿಸಿತು. ಅಪ್ಪನಿಗೂ ಅದು ತಿಳಿಯಿತು. ಮೂಗಿನಲ್ಲೇ ಏನೋ ಗುನುಗಿಕೊಳ್ಳುತ್ತಿದ್ದರು.

"ಏನು ಟೀಚರಮ್ಮ, ಮನೆಗೆ ತಿರುಗಿಸಲಾ?" ಅಂದರು.

"ತಿರುಗಿಸಿ," ಅಂದೆ.

ಅಂಚೆ ಕಚೇರಿಯ ಮುಂದೆ ರಸ್ತೆ ದಾಟಲು ಬಿಳಿ ಗೆರೆ ಹಾಕಿದ್ದಾರೆ. ಎಡಗಡೆಯ ಫುಟ್‌ಪಾತಿನಿಂದ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿಯನ್ನು ಕೆಳಗಿಳಿಸಿದಳು. ನಾನು ನೋಡಿದೆ. ಅಪ್ಪ ಈಗ ನಿಧಾನಿಸುತ್ತಾರೆ ಅಂದುಕೊಂಡೆ. ಈಗ. ಈಗ. ವೇಗ ಹಾಗೆಯೇ ಇತ್ತು. ಗುನುಗು ಹಾಗೆಯೇ ಇತ್ತು. ನನ್ನ ಕಾಲು ಬ್ರೇಕು ಒತ್ತಿತು. ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು.

ಹೆಂಗಸು ಗಾಡಿಯನ್ನು ಹಿಂದಕ್ಕೆಳೆದುಕೊಂಡು ಮತ್ತೆ ಫುಟ್‌ಪಾತ್ ಹತ್ತಿದಳು.

ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ. ಆಶ್ಚರ್ಯವಾಗಿತ್ತು ಅಷ್ಟೇ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಯಾಕಮ್ಮ ಹಿಡಿದೆ? ಏನೂ ಇರಲಿಲ್ಲವಲ್ಲ?"

ಏನೂ ಇರಲಿಲ್ಲ ಅಪ್ಪ, ಕಾಲು ಜಾರಿತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಾನು ಟೀಚರೋ ಮಗಳೋ ಎಂದು ಆ ಹೊತ್ತಿನಲ್ಲಿ ನನಗೆ ನಿಜಕ್ಕೂ ತಿಳಿಯಲಿಲ್ಲ.

"ಒಬ್ಬ ಹೆಂಗಸು ಇದ್ದಳು ಅಪ್ಪ. ಮಗು ಇತ್ತು."

"ಎಲ್ಲಿ?"

ಬೆರಳು ತೋರಿಸಿದೆ. ಅಪ್ಪ ಕುತ್ತಿಗೆಯನ್ನು ಪೂರ್ತಿ ತಿರುಗಿಸಿದರು. ಆಮೇಲಷ್ಟೇ ಅವಳು ಅವರಿಗೆ ಕಂಡದ್ದು. ಅವಳು ಬಗ್ಗಿ ಮಗುವಿನ ಟೋಪಿ ಸರಿಮಾಡುತ್ತಿದ್ದಳು. ನಮ್ಮ ಕಡೆ ಒಮ್ಮೆ ದುರುಗುಟ್ಟಿ ನೋಡಿದಳು. ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ಅಪ್ಪ ಅವಳು ದಾಟಿಹೋಗುವವರೆಗೂ ನೋಡಿದರು, ದಾಟಿದ ಮೇಲೂ ನೋಡಿದರು.

ಎಂಜಿನ್ ನಿಲ್ಲಿಸಿದರು. ಇಳಿದು, ಕಾರನ್ನು ಮುಟ್ಟಿಕೊಂಡೇ ಸುತ್ತಿ ಬಂದು, ನನ್ನ ಬಾಗಿಲು ತೆಗೆದರು.

"ನೀನು ಆ ಕಡೆ ಹೋಗು."

ನಾನು ಓಡಿಸಿದೆ. ಮನೆಗೆ ಬಂದು ನೀಲಿ ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟರು. ಇಟ್ಟ ಸದ್ದೂ ಆಗಲಿಲ್ಲ. ಫೋನು ಮಾತ್ರ ಟಿಣ್ ಎಂದಿತು. ಯಾವ ಅಂಕಿಯನ್ನೂ ಒತ್ತಲಿಲ್ಲ.

ಮಾರ್ಚ್ 26, ಬುಧವಾರ

ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇವರ ಜೊತೆ ಮಾತಾಡುತ್ತಾರೆ. "ಅವಳಿಗೆ ಹೇಳಿ, ಹಾಲು ಮುಗಿದಿದೆ," ಅನ್ನುತ್ತಾರೆ, ನಾನು ಎದುರಿಗೇ ನಿಂತಿರುವಾಗ.

ಮಾರ್ಚ್ 28, ಶುಕ್ರವಾರ

ಇವರು ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದರು. ನಾನು ಬರುವುದು ಬೇಡವಂತೆ. ಎಡಗಡೆಯ ಅಂಚಿನ ನೋಟ ಸುಮಾರು ಹೋಗಿದೆ, ನಿಧಾನವಾಗಿ ಹೋಗಿದ್ದರಿಂದ ಅವರಿಗೇ ಗೊತ್ತಾಗಿಲ್ಲ. ಹೋದದ್ದು ಬರುವುದಿಲ್ಲ. ದಿನಾ ಹನಿ ಹಾಕಿಕೊಂಡರೆ ಇರುವುದು ಉಳಿಯುತ್ತದಂತೆ. "ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತು," ಎಂದು ಡಾಕ್ಟರು ಅಂದದ್ದನ್ನು ಇವರು ನನಗೆ ಎರಡು ಸಲ ಹೇಳಿದರು. ಅಪ್ಪನ ಕಿವಿಗೂ ಬೀಳಲಿ ಎಂದು ಜೋರಾಗಿ.

ಸಂಜೆ ಸಂಶೋಧನೆಯ ಹುಡುಗಿ ಪಟ್ಟಿ ಬಿಚ್ಚಿಕೊಳ್ಳಲು ಬಂದಳು. ಬ್ರೇಕು ಒತ್ತಿದ ಹೊತ್ತು ಹೇಳಿ, ಸೋಮವಾರದ ಗೆರೆ ತೋರಿಸು ಅಂದೆ. ನಾನು ಬ್ರೇಕು ಒತ್ತಿದ ಜಾಗ ಸಪಾಟಾಗಿತ್ತು, ಕೆರೆಯ ಹಾಗೆ. ಅದರ ಪಕ್ಕದಲ್ಲೇ ಗೆರೆ ಇಡೀ ತಿಂಗಳಲ್ಲಿ ಎಂದೂ ಏರದಷ್ಟು ಮೇಲಕ್ಕೆ ಏರಿತ್ತು.

"ಬ್ರೇಕ್ ಹಾಕಿದ ಮೇಲೆ ಏನಾಯ್ತು ಟೀಚರ್ ಇಲ್ಲಿ?"

"'ಎಲ್ಲಿ?' ಅಂತ ಅಪ್ಪ ಕೇಳಿದ್ರು," ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಕೊನೆಯದಾಗಿ ಕೇಳಿದಳು, "ಒಟ್ಟು ಈ ತಿಂಗಳಿಗೆ ಒಂದು ಅಂಕಿ ಕೊಡಿ."

"ಖಾಲಿ ಬಿಡಬಹುದಾ?"

"ಬಿಡಬಹುದು ಟೀಚರ್. ಖಾಲಿ ಬಿಟ್ಟವರು ಎಷ್ಟು ಜನ ಅಂತಲೂ ಎಣಿಸ್ತೀವಿ."

ಬಿಟ್ಟೆ. ಹೋಗುವಾಗ ಅವಳು ಗೇಟಿನ ಹತ್ತಿರ ಕಾರು ಹಿಂದಕ್ಕೆ ತೆಗೆದದ್ದನ್ನು ನೋಡಿದೆ. ಪರವಾಗಿಲ್ಲ, ಕನ್ನಡಿ ನೋಡುತ್ತಾಳೆ.

ಏಪ್ರಿಲ್ 3, ಗುರುವಾರ

ಕೆಲವು ದಿನ ಬರೆಯಲಾಗಲಿಲ್ಲ. ವಕೀಲೆ ಪಾಸಾದಳು. ಟೆಸ್ಟು ಮಾಡಿದ ಅಧಿಕಾರಿಯ ಜೊತೆ ವಾದ ಮಾಡಿದಳಂತೆ, ಆದರೂ ಪಾಸು.

ನಿನ್ನೆಯಿಂದ ಅಪ್ಪ ಬಸ್ಸಿನಲ್ಲಿ ಲೈಬ್ರರಿಗೆ ಹೋಗುತ್ತಿದ್ದಾರೆ. ಯಾರಿಗೂ ಹೇಳದೆ ಚೀಲ ತೂಗುಹಾಕಿಕೊಂಡು ಹೊರಟುಬಿಟ್ಟರು.

ಇವತ್ತು ನಾಲ್ಕಕ್ಕೆ ಮನೆಗೆ ಬಂದವಳು ಸ್ವಲ್ಪ ಒರಗೋಣ ಎಂದು ಮಲಗಿದೆ. ಕಿಟಕಿಯ ಕುರ್ಚಿಯ ಮೇಲೆ ಒಗೆದ ಬಟ್ಟೆ ಹಾಗೆಯೇ ಬಿದ್ದಿತ್ತು, ಮಡಿಚಿಲ್ಲ. ಇವರು ಬಂದು ಭುಜ ಅಲುಗಾಡಿಸಿದಾಗ ಹೊರಗೆ ಬೆಳಕು ಮಂಕಾಗಿತ್ತು.

"ನಿಮ್ಮಪ್ಪ ಇನ್ನೂ ಬಂದಿಲ್ಲ."

"ಬರ್ತಾರೆ ಬಿಡಿ," ಅಂದು ಮಗ್ಗುಲು ಬದಲಿಸಿದೆ. ಬೇಸಿಗೆಗೆ ಈ ಕೋಣೆಯಲ್ಲೇ ಮಲಗಬೇಕು, ಗಾಳಿ ಚೆನ್ನಾಗಿ ಬರುತ್ತದೆ.

ಎದ್ದು ಅಡುಗೆಮನೆಗೆ ಹೋದಾಗ ಅಪ್ಪ ಬಂದು ಬಾಗಿಲಲ್ಲಿ ನಿಂತಿದ್ದರು. ಕೂದಲು ಕೆದರಿತ್ತು, ಚೀಲದ ಪಟ್ಟಿ ಕಿತ್ತುಹೋಗಿತ್ತು. ಇವರು ಸ್ನಾನದ ಮನೆಯಲ್ಲಿದ್ದರು, ಮಾತು ತಲುಪಿಸಲು ಯಾರೂ ಇರಲಿಲ್ಲ. ಅಪ್ಪ ಆ ಕಡೆ ಈ ಕಡೆ ನೋಡಿದರು. ಕೊನೆಗೆ ನನಗೇ ಹೇಳಿದರು.

"ಆ ಬಸ್ಸಿನವನಿಗೆ ಬ್ರೇಕ್ ಹಾಕೋದು ಗೊತ್ತೇ ಇಲ್ಲ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ರು. ನೀನು ಅವನಿಗೆ ಒಂದಿಷ್ಟು ಕಲಿಸಬೇಕು."

"ಎಷ್ಟನೇ ನಂಬರ್ ಬಸ್ಸು ಅಪ್ಪ?" ಅಂದೆ.

ಕುರ್ಚಿ ಎಳೆದುಕೊಂಡು ಕೂತರು. ಬಸ್ಸು ಯಾವ ಸ್ಟಾಪಿನಲ್ಲಿ ನಿಂತಿತು, ಎಲ್ಲಿ ನಿಲ್ಲಬೇಕಿತ್ತು, ಯಾವ ಗೇರಿನಲ್ಲಿ ಏರು ಹತ್ತಿಸಿದ, ಪಕ್ಕದಲ್ಲಿ ಕೂತಿದ್ದ ಮುದುಕ ಏನಂದ, ಎಲ್ಲವನ್ನೂ ಹೇಳತೊಡಗಿದರು.